ಕಾರಿನ ಬಣ್ಣವೂ ಅದರ ಹೊಳಪೂ

ಬೆಂಗಳೂರಿನಿಂದ ಹೊಸೂರಿಗೆ ಹೋಗುವ ಹೆದ್ದಾರಿಯಲ್ಲಿ, ಕರ್ನಾಟಕದ ಎಲ್ಲೆ ಮುಗಿಯುವುದಕ್ಕೆ ತುಸು ಮುಂಚೆ ಸಿಕ್ಕುವ ಊರು ಅತ್ತಿಬೆಲೆ. ಆನೇಕಲ್ ತಾಲ್ಲೂಕಿಗೆ ಸೇರಿದ ಈ ಊರಿನಲ್ಲಿ ಕೈಗಾರಿಕಾ ಪ್ರದೇಶವುಂಟು, ಸುಂಕದ ಕಟ್ಟೆಯುಂಟು, ಅದೇ ತಾಲ್ಲೂಕಿನ ಜಿಗಣಿಯಲ್ಲಿ ಬಂಡೆಗಳನ್ನು ಕೊಯ್ದು ನಯಮಾಡುವ ಕಾರ್ಖಾನೆಗಳುಂಟು. ಜಲ್ಲಿ, ಕಲ್ಲುಪುಡಿ, ಕಬ್ಬಿಣದ ಸಾಮಾನುಗಳನ್ನು ಹೊತ್ತ ಲಾರಿಗಳು ಹಗಲಿರುಳೆನ್ನದೆ ಓಡಾಡುತ್ತವೆ. ಆದಕಾರಣ ರಾತ್ರಿ ಮನೆಯ ಮುಂದೆ ನಿಲ್ಲಿಸಿದ ಕಾರಿನ ಮೇಲೆ ಬೆಳಗಾಗುವ ಹೊತ್ತಿಗೆ ಬೂದುಬಣ್ಣದ ತೆಳುವಾದ ಧೂಳಿನ ಹಾಸು ಕಾಣಿಸುವುದರಲ್ಲಿ ಆಶ್ಚರ್ಯವೇನೂ ಇಲ್ಲ. ಅದನ್ನು ಕಂಡೊಡನೆ ಕಾರಿನ ಒಡೆಯರು ಮಾಡುವ ಮೊದಲ ಕೆಲಸವೆಂದರೆ ಒಂದು ಬಟ್ಟೆಯನ್ನು ತೆಗೆದುಕೊಂಡು ಒರಸಿಬಿಡುವುದು. ಹೀಗೆ ಒಂದೆರಡು ವರ್ಷ ಕಳೆಯುವುದರೊಳಗೆ ಬಣ್ಣದ ಮೇಲೆ ಜೇಡರಬಲೆಯಂತಹ ಗೀರುಗಳು ಮೂಡುತ್ತವೆ. ಆಗ ಗಾಡಿಯನ್ನು ಪಾಲಿಷ್ ಅಂಗಡಿಗೆ ಒಯ್ಯುತ್ತಾರೆ. ಅಲ್ಲಿಂದ ಅದು ಕನ್ನಡಿಯಂತೆ ಹೊಳೆಯುತ್ತ ಹಿಂದಿರುಗುತ್ತದೆ. ಮತ್ತೆ ಧೂಳು, ಮತ್ತೆ ಬಟ್ಟೆ, ಮತ್ತೆ ಗೀರು, ಮತ್ತೆ ಪಾಲಿಷ್. ಇಂತಹ ಕೆಲವು ಸುತ್ತುಗಳು ಮುಗಿದ ಮೇಲೆ ಒಂದು ದಿನ ಬಾನೆಟ್ಟಿನ ಮೇಲಿನ ಹೊಳಪು ಸಿಪ್ಪೆಯೆದ್ದು ಬರತೊಡಗುತ್ತದೆ. ಆಗ ಯಾವ ಪಾಲಿಷಿನಿಂದಲೂ ಪ್ರಯೋಜನವಿಲ್ಲ.

ಇದು ಹೀಗೇಕೆ ಆಗುತ್ತದೆ, ಇದನ್ನು ತಪ್ಪಿಸುವುದು ಹೇಗೆ ಎಂಬುದನ್ನು ವಿಚಾರಮಾಡೋಣ. ನಮ್ಮ ವಿಷಯದ ಸಾರವನ್ನು ಮೊದಲೇ ಹೇಳಿಬಿಡಬಹುದು. ಪಾಲಿಷ್ ಮಾಡುವುದೆಂದರೆ ಕಳೆಯುವುದು; ಮೇಣ ಹಚ್ಚುವುದೆಂದರೆ ಕೂಡುವುದು. ಜನರು ಈ ಎರಡನ್ನೂ ಒಂದೇ ಎಂದು ತಿಳಿದಿರುವುದೇ ಕೇಡಿಗೆಲ್ಲ ಮೂಲ.

ಮೊದಲು ಕಾರಿನ ಬಣ್ಣವೆಂದರೇನು ಎಂಬುದನ್ನು ನೋಡೋಣ. ನಮ್ಮ ಕಣ್ಣಿಗೆ ಅದು ಒಂದೇ ಪದರದಂತೆ ಕಾಣುತ್ತದೆ. ವಾಸ್ತವವಾಗಿ ಇಂದಿನ ಕಾರುಗಳಲ್ಲಿ ಅದು ಒಂದರ ಮೇಲೊಂದರಂತೆ ಹಲವು ಪದರಗಳಿಂದ ಆದದ್ದು. ಉಕ್ಕಿನ ತಗಡಿಗೆ ಮೊದಲು ತುಕ್ಕು ತಡೆಯುವ ಸಂಸ್ಕಾರವನ್ನು ಕೊಟ್ಟು, ವಿದ್ಯುತ್ತಿನ ಸಹಾಯದಿಂದ ಒಂದು ತಳಲೇಪವನ್ನು ಕೂಡಿಸುತ್ತಾರೆ. ಅದರ ಮೇಲೆ ಪ್ರೈಮರ್ ಎಂಬ ಪದರ. ಅದರ ಮೇಲೆ ಕೆಂಪೋ ನೀಲಿಯೋ ಬಿಳಿಯೋ ಆದ ಬಣ್ಣದ ಪದರ. ಎಲ್ಲಕ್ಕೂ ಮೇಲೆ ಗಾಜಿನಂತೆ ಪಾರದರ್ಶಕವಾದ, ಬಣ್ಣವಿಲ್ಲದ ಹೊಳಪಿನ ಪದರ. ಇದಕ್ಕೆ ಕ್ಲಿಯರ್ ಕೋಟ್ ಎಂದು ಹೆಸರು. ಇವೆಲ್ಲ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನುಗಳಷ್ಟು ದಪ್ಪವಿರುತ್ತದೆ. ಮೈಕ್ರಾನ್ ಎಂದರೆ ಒಂದು ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ಇದರಲ್ಲಿ ಕ್ಲಿಯರ್ ಕೋಟಿನ ಪಾಲು ಸುಮಾರು 40 ಮೈಕ್ರಾನ್, ಅರ್ಥಾತ್ ನಮ್ಮ ತಲೆಗೂದಲಿನ ಒಂದು ಎಳೆಯ ಹೆಚ್ಚುಕಡಿಮೆ ಅರ್ಧ ದಪ್ಪ. ಕಾರಿನ ಹೊಳಪೆಲ್ಲ ಇರುವುದು ಈ ಅರ್ಧ ಕೂದಲಿನಲ್ಲಿ. ಬಿಸಿಲಿನ ಅತಿನೇರಳೆ ಕಿರಣಗಳನ್ನು ಹೀರಿ ಕೆಳಗಿನ ಬಣ್ಣವನ್ನು ಕಾಪಾಡುವ ದ್ರವ್ಯಗಳೂ ಈ ಪದರದಲ್ಲಿಯೇ ಸೇರಿವೆ. ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿರುವ ನಮ್ಮ ಸೀಮೆಯಲ್ಲಿ ಗಾಳಿ ತಂಪಾಗಿದ್ದರೂ ಬಿಸಿಲಿನ ಈ ಕಿರಣಗಳು ಪ್ರಖರವಾದುವೇ. ಹೀಗಿರಲು ಕ್ಲಿಯರ್ ಕೋಟನ್ನು ತೇಯ್ದುಕೊಳ್ಳುವುದು ಬಿಸಿಲಿನಲ್ಲಿ ನಡೆಯುವಾಗ ಕೊಡೆಯ ಬಟ್ಟೆಯನ್ನು ತಾವೇ ಹೆರೆದುಕೊಂಡಂತೆ.

ಹಾಗಾದರೆ ಕಾರೆಂದರೆ ಉಜ್ಜಬೇಕು ಎಂಬ ಅಭ್ಯಾಸ ಎಲ್ಲಿಂದ ಬಂತು? ಅದಕ್ಕೆ ನ್ಯಾಯವಾದ ಒಂದು ಹಿನ್ನೆಲೆಯುಂಟು. ಮೋಟಾರು ಗಾಡಿಗಳು ಹುಟ್ಟಿದ ಕಾಲದಲ್ಲಿ ಅವುಗಳಿಗೂ ಕುದುರೆಯ ಸಾರೋಟುಗಳಿಗೆ ಬಳಿಯುತ್ತಿದ್ದ ಬಣ್ಣ ಮತ್ತು ವಾರ್ನಿಷನ್ನೇ ಕುಂಚದಿಂದ ಬಳಿಯುತ್ತಿದ್ದರು. ಒಂದು ಗಾಡಿಯ ಬಣ್ಣ ಪೂರ್ತಿಯಾಗಿ ಒಣಗಲು ವಾರಗಟ್ಟಲೆ ಹಿಡಿಯುತ್ತಿತ್ತು. 1923ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿಯವರು ತಮ್ಮ ಓಕ್‌ಲೆಂಡ್ ಎಂಬ ಕಾರಿಗೆ ಡ್ಯೂಕೋ ಎಂಬ ಹೊಸ ಬಣ್ಣವನ್ನು ಬಳಸಿದರು. ಹತ್ತಿಯ ನಾರಿಗೆ ನೈಟ್ರಿಕ್ ಆಮ್ಲದ ಸಂಸ್ಕಾರ ಕೊಟ್ಟು ಪಡೆದ ದ್ರವ್ಯದಿಂದ ಡ್ಯುಪಾಂಟ್ ಕಂಪನಿಯವರು ಸಿದ್ಧಪಡಿಸಿದ ಈ ಬಣ್ಣವನ್ನು ಪಿಚಕಾರಿಯಿಂದ ಸಿಂಪಡಿಸಬಹುದಾಗಿತ್ತು; ಬಹು ಬೇಗ ಒಣಗುತ್ತಲೂ ಇತ್ತು. ಆದರೆ ಒಣಗಿದ ಮೇಲೆ ಅದು ಮಂಕಾಗಿರುತ್ತಿತ್ತು. ತೇಯ್ದ ಹೊರತು ಅದಕ್ಕೆ ಹೊಳಪು ಬರುತ್ತಿರಲಿಲ್ಲ. ಬಿಸಿಲಿನಲ್ಲಿ ನಿಂತರೆ ಮತ್ತೆ ಸುಣ್ಣ ಹಿಡಿದಂತೆ ಬೆಳ್ಳಗಾಗುತ್ತಿತ್ತು, ಮತ್ತೆ ತೇಯಬೇಕಾಗುತ್ತಿತ್ತು. ಅದರ ತರುವಾಯ ಬಂದ ಎನಾಮೆಲ್ ಬಣ್ಣಗಳ ಸ್ವಭಾವವೂ ತಕ್ಕಮಟ್ಟಿಗೆ ಹೀಗೆಯೇ. 1950ರ ದಶಕದ ಕೊನೆಯಿಂದ 2014ರವರೆಗೆ ನಮ್ಮ ದೇಶದಲ್ಲಿ ತಯಾರಾದ ಅಂಬಾಸಿಡರ್ ಕಾರನ್ನು ಬಲ್ಲ ಹಳಬರಿಗೆ ಇದು ಗೊತ್ತಿರುವ ಸಂಗತಿ. ಉಜ್ಜಿದ ಬಟ್ಟೆಗೆ ಕಾರಿನ ಬಣ್ಣವೇ ಹತ್ತುತ್ತಿತ್ತು. ಮೇಲಿನ ಸತ್ತ ಪೊರೆ ಹೋಗಿ ಕೆಳಗಿನ ಹೊಸ ಬಣ್ಣ ಹೊರಬರುತ್ತಿತ್ತು. ಆ ಬಣ್ಣಕ್ಕೆ ತಿಕ್ಕುವುದು ಔಷಧವಾಗಿತ್ತು. ಮೇಲೆ ಪಾರದರ್ಶಕ ಪದರವುಳ್ಳ ಬಣ್ಣಗಳು 1980ರ ದಶಕದಿಂದೀಚೆಗೆ ಲೋಕದಲ್ಲೆಲ್ಲ ಬಳಕೆಗೆ ಬಂದುವು. ಬಣ್ಣದ ಜಾತಿ ಬದಲಾಯಿತು. ಕೈಯ ಅಭ್ಯಾಸ ಬದಲಾಗಲಿಲ್ಲ. ಒಬ್ಬ ರೋಗಿಗೆ ಬರೆದುಕೊಟ್ಟ ಔಷಧವನ್ನು ಇನ್ನೊಬ್ಬ ರೋಗಿಗೆ ಕುಡಿಸುತ್ತ ಬಂದಂತಾಯಿತು.

ಇನ್ನು ಧೂಳಿನ ವಿಚಾರ. ಎಲ್ಲ ಧೂಳೂ ಒಂದೇ ಅಲ್ಲ. ನಮ್ಮ ಸೀಮೆಯ ನೆಲದಡಿಯಲ್ಲಿರುವುದು ಗ್ರಾನೈಟು ಮತ್ತು ಅದರ ಸೋದರನಂತಿರುವ ನೈಸ್ ಎಂಬ ಪುರಾತನ ಶಿಲೆ. ಬೆಂಗಳೂರಿನ ಲಾಲ್‌ಬಾಗಿನ ಬಂಡೆಯನ್ನು ನೋಡಿದವರು ಇದನ್ನು ನೋಡಿದ್ದಾರೆ. ಈ ಶಿಲೆಗಳ ಮುಖ್ಯ ಘಟಕಗಳು ಬೆಣಚುಕಲ್ಲು ಮತ್ತು ಫೆಲ್ಡ್‌ಸ್ಪಾರ್. ಖನಿಜಗಳ ಗಡಸುತನವನ್ನು ಅಳೆಯುವುದಕ್ಕೆ ಮೋಸ್ ಎಂಬ ವಿದ್ವಾಂಸನು 1812ರಲ್ಲಿ ಏರ್ಪಡಿಸಿದ ಹತ್ತು ಮೆಟ್ಟಿಲಿನ ಶ್ರೇಣಿಯೊಂದುಂಟು. ಅದರಲ್ಲಿ ವಜ್ರಕ್ಕೆ 10, ಬೆಣಚುಕಲ್ಲಿಗೆ 7, ಫೆಲ್ಡ್‌ಸ್ಪಾರಿಗೆ 6. ಕಿಟಕಿಯ ಗಾಜಿಗೆ ಸುಮಾರು ಐದೂವರೆ. ಕಾರಿನ ಕ್ಲಿಯರ್ ಕೋಟ್ ಗಾಜಿನಂತೆ ಕಾಣುವುದಾದರೂ ಅದು ಒಂದು ಬಗೆಯ ಪ್ಲಾಸ್ಟಿಕ್. ಗಾಜಿಗಿಂತ ಎಷ್ಟೋ ಮೆತ್ತಗೆ. ಗಾಜನ್ನೇ ಗೀರಬಲ್ಲ ಬೆಣಚುಕಲ್ಲಿನ ಕಣಕ್ಕೆ ಇದು ಯಾವ ಲೆಕ್ಕ? ಆದರೆ ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಸುಮ್ಮನೆ ಕೂತ ಧೂಳು ಗೀರುವುದಿಲ್ಲ. ಎಳೆದ ಧೂಳು ಗೀರುತ್ತದೆ. ಕಣವು ಬಣ್ಣದ ಮೇಲೆ ಒಂದು ವಾರ ಕೂತಿದ್ದರೂ ಅದರಿಂದ ಗೀರು ಬೀಳದು. ನಾವು ಬಟ್ಟೆಯನ್ನಿಟ್ಟು ಅಂಗೈಯಿಂದ ಒತ್ತಿ ಎಳೆದ ಕ್ಷಣದಲ್ಲಿಯೇ ಅದು ಉಳಿಯಾಗುತ್ತದೆ; ನಮ್ಮ ಕೈ ಅದಕ್ಕೆ ಸುತ್ತಿಗೆಯಾಗುತ್ತದೆ.

ಬಿಸಿಲಿನಲ್ಲಿ ಬಾನೆಟ್ಟನ್ನು ನೋಡಿದರೆ ಸೂರ್ಯನ ಪ್ರತಿಬಿಂಬದ ಸುತ್ತ ಈ ಗೀರುಗಳು ಉಂಗುರ ಉಂಗುರವಾಗಿ ಕಾಣುತ್ತವೆ. ಇದನ್ನು ಕಂಡು, ಸುತ್ತಿ ಸುತ್ತಿ ಒರಸಿದ್ದರಿಂದ ಹೀಗಾಯಿತು, ನೇರವಾಗಿ ಒರಸಿದರೆ ಸರಿಹೋದೀತು ಎಂದು ಹಲವರು ಭಾವಿಸುತ್ತಾರೆ. ಇದು ಕಣ್ಣಿನ ಭ್ರಮೆ. ಗೀರುಗಳು ಎಲ್ಲ ದಿಕ್ಕಿನಲ್ಲಿಯೂ ಅಡ್ಡಾದಿಡ್ಡಿಯಾಗಿ ಬಿದ್ದಿರುತ್ತವೆ. ಅವುಗಳಲ್ಲಿ ಬೆಳಕಿನ ಹಾದಿಗೆ ಅಡ್ಡಲಾಗಿರುವ ಗೀರುಗಳು ಮಾತ್ರ ಬೆಳಕನ್ನು ನಮ್ಮ ಕಣ್ಣಿನ ಕಡೆಗೆ ತಿರುಗಿಸುತ್ತವೆ, ಮಿಕ್ಕವು ಕಾಣುವುದಿಲ್ಲ. ಹಾಗೆ ಆರಿಸಿಕೊಂಡ ತುಂಡುಗಳೆಲ್ಲ ಪ್ರತಿಬಿಂಬದ ಸುತ್ತ ಬಳೆಯಂತೆ ಜೋಡಿಸಿದಂತೆ ತೋರುತ್ತವೆ. ಮನೆಯಲ್ಲಿ ಹಳೆಯ ಸ್ಟೀಲ್ ತಟ್ಟೆಯೊಂದನ್ನು ದೀಪದ ಕೆಳಗೆ ಹಿಡಿದು ಅತ್ತಿತ್ತ ಸರಿಸಿದರೆ, ದೀಪದ ಬಿಂಬ ಹೋದಲ್ಲಿಗೆ ಉಂಗುರಗಳೂ ಹಿಂಬಾಲಿಸಿ ಹೋಗುವುದನ್ನು ಯಾರಾದರೂ ಕಾಣಬಹುದು. ಉಂಗುರಗಳು ತಟ್ಟೆಯಲ್ಲಿದ್ದ ಪಕ್ಷದಲ್ಲಿ ಅವು ಸ್ಥಳ ಬಿಟ್ಟು ಕದಲುತ್ತಿರಲಿಲ್ಲವಷ್ಟೆ. ಆದುದರಿಂದ ಯಾವ ದಿಕ್ಕಿನಲ್ಲಿ ಒರಸಿದೆವೆಂಬುದು ಗೌಣ. ಬಟ್ಟೆಯ ಕೆಳಗೆ ಏನಿತ್ತೆಂಬುದು ಮುಖ್ಯ.

ವಠಾರಗಳಲ್ಲಿಯೂ ಬಹುಮಹಡಿಯ ವಸತಿಗಳಲ್ಲಿಯೂ ಈಗ ಕಾರು ಒರಸುವ ಕೆಲಸಕ್ಕೆ ತಿಂಗಳ ಸಂಬಳದ ಮೇಲೆ ಒಬ್ಬರನ್ನು ಗೊತ್ತುಮಾಡುವ ಪದ್ಧತಿಯುಂಟು. ಆತನು ಬೆಳಗಿನ ಜಾವ ಬಂದು ಒಂದು ಬಕೆಟ್ಟು ನೀರು, ಒಂದು ಬಟ್ಟೆಯಲ್ಲಿ ಹತ್ತು ಹದಿನೈದು ಕಾರುಗಳನ್ನು ಒರಸಿ ಮುಗಿಸಬೇಕು. ಮೂರನೆಯ ಕಾರಿನ ಹೊತ್ತಿಗೆ ಬಕೆಟ್ಟಿನ ನೀರು ಕೆಸರಾಗಿರುತ್ತದೆ, ಬಟ್ಟೆ ಮರಳುಕಾಗದವಾಗಿರುತ್ತದೆ. ಗೀರು ಬಿದ್ದರೆ ಬೈಗುಳ ಅವನಿಗೆ. ಆದರೆ ಯೋಚಿಸಿ ನೋಡಿದರೆ, ಎಂಟು ಗಂಟೆಗೆ ಕಾರಿನ ಮೇಲೆ ಒಂದು ಚೂರೂ ಧೂಳಿರಬಾರದೆಂದು ಕಟ್ಟುಮಾಡಿದವರು ಯಾರು? ಆ ಕೆಲಸಕ್ಕೆ ಬೇಕಾದ ನೀರನ್ನೂ ಬಟ್ಟೆಯನ್ನೂ ಕೊಡದೆಹೋದವರು ಯಾರು? ಒಡೆಯರೇ. ಪ್ರತಿದಿನ ಒರಸಬೇಕೆಂಬ ಹಟವನ್ನು ಬಿಟ್ಟು ವಾರಕ್ಕೊಮ್ಮೆ ಸರಿಯಾಗಿ ತೊಳೆಯಿರೆಂದು ಅದೇ ಸಂಬಳವನ್ನು ಕೊಟ್ಟರೆ, ಕಾರಿಗೂ ಕ್ಷೇಮ, ದುಡಿಯುವವನಿಗೂ ಕ್ಷೇಮ.

ನೀರಿನ ಮಾತು ಬಂದುದರಿಂದ ಅದನ್ನೂ ವಿಚಾರಿಸಬೇಕು. 2024ರ ಬೇಸಗೆಯ ನೀರಿನ ಬರದಲ್ಲಿ, ಮಾರ್ಚಿ ತಿಂಗಳಿನಲ್ಲಿ, ಬೆಂಗಳೂರು ಜಲಮಂಡಲಿಯವರು ಕುಡಿಯುವ ನೀರಿನಿಂದ ವಾಹನಗಳನ್ನು ತೊಳೆಯಕೂಡದೆಂದು ನಿಷೇಧಿಸಿ, ತಪ್ಪಿದವರಿಗೆ 5000 ರೂಪಾಯಿ ದಂಡವನ್ನು ಗೊತ್ತುಮಾಡಿದರು. ಆನೇಕಲ್ ತಾಲ್ಲೂಕಿನಲ್ಲಿಯೂ ಅಂತರ್ಜಲದ ಬಳಕೆ ಮಿತಿಮೀರಿದೆ. ಕೊಳವೆ ಬಾವಿಗಳು ಆಳವಾಗುತ್ತಲೇ ಹೋಗಿವೆ. ಟ್ಯಾಂಕರಿನ ನೀರನ್ನು ಕೊಂಡು ಬಾಳುವ ಮನೆಗಳು ಹಲವು. ನಿಮಿಷಕ್ಕೆ 10 ಲೀಟರ್ ಬೀಳುವ ನಲ್ಲಿಗೆ ಕೊಳವೆ ಸಿಕ್ಕಿಸಿ ಕಾಲುಗಂಟೆ ಬಿಟ್ಟರೆ 150 ಲೀಟರ್ ನೀರು ಚರಂಡಿಯ ಪಾಲು. ಇಷ್ಟು ನೀರು ಬೇಕೇ ಬೇಕೆಂದು ಹೇಳುವುದು ನ್ಯಾಯವಲ್ಲ. ನೀರಿಲ್ಲವೆಂದು ಒಣಬಟ್ಟೆಯಿಂದ ಉಜ್ಜುವುದೂ ಸರಿಯಲ್ಲ. ಇವೆರಡರ ನಡುವೆ ಒಂದು ದಾರಿಯುಂಟು.

ಅದು ಹೀಗೆ. ಕಾರನ್ನು ನೆರಳಿನಲ್ಲಿ ನಿಲ್ಲಿಸಿ ಅದರ ಮೈ ತಣ್ಣಗಾಗುವವರೆಗೆ ಕಾಯಬೇಕು. ಎರಡು ಬಕೆಟ್ಟುಗಳನ್ನು ಇಟ್ಟುಕೊಳ್ಳಬೇಕು: ಒಂದರಲ್ಲಿ ಕಾರು ತೊಳೆಯುವ ಶಾಂಪೂ ಬೆರೆಸಿದ ನೀರು, ಇನ್ನೊಂದರಲ್ಲಿ ಬರಿಯ ನೀರು. ಮೊದಲು ಒಂದು ಚೆಂಬಿನಿಂದಲೋ ಗಿಡಗಳಿಗೆ ಹಾಕುವ ಪಿಚಕಾರಿಯಿಂದಲೋ ಮೇಲಿನಿಂದ ಕೆಳಕ್ಕೆ ನೀರು ಹಾಯಿಸಿ, ಮುಟ್ಟದೆಯೇ ಹೋಗುವಷ್ಟು ಧೂಳನ್ನು ಕಳೆಯಬೇಕು. ಅನಂತರ ಮೈಕ್ರೋಫೈಬರ್ ಎಂಬ ಮೆತ್ತನೆಯ ಬಟ್ಟೆಯನ್ನು ಶಾಂಪೂ ನೀರಿನಲ್ಲಿ ಅದ್ದಿ, ಒತ್ತದೆ, ಅದರ ತೂಕದಿಂದಲೇ ಜಾರುವಂತೆ ಎಳೆಯಬೇಕು. ಮೊದಲು ಚಾವಣಿ, ಆಮೇಲೆ ಬಾನೆಟ್ಟು, ಆಮೇಲೆ ಬಾಗಿಲುಗಳು. ಕಲ್ಲುಮಣ್ಣು ಹೆಚ್ಚಾಗಿರುವ ಕೆಳಭಾಗ ಕಡೆಗೆ. ಒಂದೊಂದು ಭಾಗ ಮುಗಿದಾಗಲೂ ಬಟ್ಟೆಯನ್ನು ಬರಿನೀರಿನ ಬಕೆಟ್ಟಿನಲ್ಲಿ ಜಾಲಿಸಿ ಹಿಂಡಿದ ಮೇಲೆಯೇ ಮತ್ತೆ ಶಾಂಪೂವಿಗೆ ಅದ್ದತಕ್ಕದ್ದು. ಎರಡನೆಯ ಬಕೆಟ್ಟಿನ ತಳದಲ್ಲಿ ಕೊನೆಗೆ ನಿಂತ ಮರಳನ್ನು ಕಂಡವರಿಗೆ, ಒಂದೇ ಬಕೆಟ್ಟಿನಲ್ಲಿ ಅದ್ದುತ್ತಿದ್ದಾಗ ಆ ಮರಳು ಎಲ್ಲಿಗೆ ಹೋಗುತ್ತಿತ್ತೆಂಬುದನ್ನು ವಿವರಿಸಿ ಹೇಳಬೇಕಾಗಿಲ್ಲ. ಚಕ್ರಗಳಿಗೆ ಬೇರೆ ಬಟ್ಟೆ. ಕೈಜಾರಿ ನೆಲಕ್ಕೆ ಬಿದ್ದ ಬಟ್ಟೆಯನ್ನು ಒಗೆಯದೆ ಮತ್ತೆ ಬಣ್ಣಕ್ಕೆ ಮುಟ್ಟಿಸಕೂಡದು. ಇದೆಲ್ಲಕ್ಕೂ ಮೂವತ್ತು ನಾಲ್ವತ್ತು ಲೀಟರ್ ನೀರು ಸಾಕು. ಅದೂ ಕುಡಿಯುವ ನೀರೇ ಆಗಬೇಕಾಗಿಲ್ಲ, ಶುದ್ಧೀಕರಿಸಿದ ಬಳಕೆಯ ನೀರಾದರೂ ಆದೀತು. ಅಷ್ಟೂ ನೀರಿಲ್ಲದ ದಿನ ಮಾಡತಕ್ಕದ್ದೇನೆಂದರೆ, ಮುಂದಿನ ಹಿಂದಿನ ಗಾಜು, ದೀಪ, ಕನ್ನಡಿಗಳನ್ನು ಮಾತ್ರ ಒದ್ದೆಮಾಡಿ ಒರಸಿಕೊಂಡು, ಧೂಳನ್ನು ಅದರ ಪಾಡಿಗೆ ಬಿಡುವುದು. ಧೂಳು ಹಿಡಿದ ಕಾರು ಅವಮಾನವಲ್ಲ.

ಬಟ್ಟೆ ಒಗೆಯುವ ಸೋಪಿನ ಪುಡಿಯನ್ನೂ ಪಾತ್ರೆ ತಿಕ್ಕುವ ದ್ರಾವಣವನ್ನೂ ಇದಕ್ಕೆ ಬಳಸಬಾರದು. ಅವು ಜಿಡ್ಡನ್ನು ಕಳೆಯುವುದಕ್ಕಾಗಿಯೇ ಹುಟ್ಟಿದುವಾದ್ದರಿಂದ ಬಣ್ಣದ ಮೇಲಿನ ಮೇಣವನ್ನೂ ತೊಳೆದುಬಿಡುತ್ತವೆ. ಸೀಮೆಎಣ್ಣೆಯ ಬಟ್ಟೆಯಿಂದ ಒರಸುವ ಹಳೆಯ ಚಾಲಕರ ಉಪಾಯವೂ ಅಂತಹುದೇ. ಒಂದು ಗಳಿಗೆ ಹೊಳಪು ಕಾಣುತ್ತದೆ, ಮೇಣ ಕರಗುತ್ತದೆ, ಉಳಿದ ಜಿಡ್ಡಿಗೆ ಮತ್ತಷ್ಟು ಧೂಳು ಅಂಟುತ್ತದೆ.

ತೊಳೆದ ಮೇಲೆ ನೀರನ್ನು ತಾನಾಗಿ ಆರಲು ಬಿಡಬಾರದು. ನಮ್ಮ ಕೊಳವೆ ಬಾವಿಗಳ ನೀರು ಗಡಸು ನೀರು. ಅದರಲ್ಲಿ ಸುಣ್ಣದ ಅಂಶ ಹೆಚ್ಚು. ಹನಿ ಆರಿದಲ್ಲಿ ಸುಣ್ಣವು ಬಿಳಿಯ ಬಳೆಯಾಗಿ ಉಳಿಯುತ್ತದೆ. ಬಿಸಿಲಿಗೆ ಕಾದರೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಕಾಫಿ ಕಾಯಿಸುವ ಪಾತ್ರೆಯ ತಳದಲ್ಲಿ ಕೂಡುವ ಬಿಳಿಯ ಚಕ್ಕೆಯೂ ಇದೇ. ಆದಕಾರಣ ದೊಡ್ಡದಾದ ಒಣ ಮೈಕ್ರೋಫೈಬರ್ ಬಟ್ಟೆಯನ್ನು ಮೇಲೆ ಹಾಸಿ, ತಟ್ಟಿ ನೀರನ್ನು ಹೀರಿಸಬೇಕು. ಹೊಸದಾಗಿ ಬಿದ್ದ ಸುಣ್ಣದ ಕಲೆಗೆ, ವಿನಿಗರಿಗೆ ಅಷ್ಟೇ ನೀರು ಬೆರೆಸಿ ತಣ್ಣಗಿರುವ ಮೈಗೆ ಹಚ್ಚಿ, ಒಂದು ನಿಮಿಷದೊಳಗಾಗಿ ಚೆನ್ನಾಗಿ ತೊಳೆದರೆ ಹೋಗುವುದುಂಟು. ಹಕ್ಕಿಯ ಹಿಕ್ಕೆ ಇದಕ್ಕಿಂತ ಕೆಟ್ಟದ್ದು. ಅದರಲ್ಲಿ ಯೂರಿಕ್ ಆಮ್ಲವೂ ಮರಳಿನ ಹರಳೂ ಎರಡೂ ಇರುತ್ತವೆ. ಬಿಸಿಲಿನಲ್ಲಿ ಕೆಲವು ಗಂಟೆಗಳಲ್ಲಿಯೇ ಅದು ಬಣ್ಣದಲ್ಲಿ ಕುಳಿ ಮಾಡಬಲ್ಲುದು. ಕಂಡೊಡನೆ ಅದರ ಮೇಲೆ ಒದ್ದೆ ಬಟ್ಟೆಯನ್ನು ಐದು ನಿಮಿಷ ಹಾಕಿ, ನೆನೆದ ಮೇಲೆ ಮೆಲ್ಲಗೆ ಎತ್ತಿ ತೆಗೆಯಬೇಕು; ಉಗುರಿನಿಂದ ಕೆರೆಯಕೂಡದು. ಮರದಡಿ ನಿಲ್ಲಿಸಿದ ಕಾರಿನ ಮೇಲೆ ಬೀಳುವ ಅಂಟಿಗೂ ಇದೇ ಕ್ರಮ.

ಈಗ ನಮ್ಮ ಮುಖ್ಯ ವಿಷಯಕ್ಕೆ ಬರೋಣ. ಹೊಳಪನ್ನು ಪಡೆಯುವ ಎರಡು ಮಾರ್ಗಗಳನ್ನು ಕನ್ನಡನಾಡಿನ ಎರಡು ಕಸುಬುಗಳು ಚೆನ್ನಾಗಿ ತೋರಿಸಿಕೊಡುತ್ತವೆ. ಜಿಗಣಿಯ ಕಾರ್ಖಾನೆಯಲ್ಲಿ ಗ್ರಾನೈಟಿನ ಹಲಗೆಯನ್ನು ಮೊದಲು ಒರಟಾದ ಸಾಣೆಯಿಂದ, ಅನಂತರ ಅದಕ್ಕಿಂತ ನಯವಾದುದರಿಂದ, ಮತ್ತೂ ನಯವಾದುದರಿಂದ, ಹೀಗೆ ಕ್ರಮವಾಗಿ ತೇಯುತ್ತ ಹೋಗುತ್ತಾರೆ. ಏರುತಗ್ಗುಗಳು ಸವೆದು ಸಮವಾದಾಗ ಕಲ್ಲು ಕನ್ನಡಿಯಾಗುತ್ತದೆ. ಇಲ್ಲಿ ಹೊಳಪು ಬಂದದ್ದು ಕಳೆದುದರಿಂದ. ಚನ್ನಪಟ್ಟಣದಲ್ಲಿ ಬೊಂಬೆ ಮಾಡುವವನು ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿಹಿಡಿಯುತ್ತಾನೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರದ ಮೈಗೆ ಹರಡುತ್ತದೆ. ಅನಂತರ ಒಂದು ಗರಿಯ ತುಂಡಿನಿಂದ ಒತ್ತಿದರೆ ಮಿರಮಿರನೆ ಮಿಂಚುತ್ತದೆ. ಇಲ್ಲಿ ಹೊಳಪು ಬಂದದ್ದು ಕೂಡಿಸಿದುದರಿಂದ. ಕಾರಿನ ಪಾಲಿಷ್ ಜಿಗಣಿಯ ಕೆಲಸ. ಮೇಣ ಚನ್ನಪಟ್ಟಣದ ಕೆಲಸ. ಜಿಗಣಿಯ ಕಲ್ಲಿನ ದಪ್ಪ ಅಂಗುಲದ ಲೆಕ್ಕ. ಅಲ್ಲಿ ಎಷ್ಟು ತೇಯ್ದರೂ ಕಲ್ಲು ಉಳಿಯುತ್ತದೆ. ಕಾರಿನಲ್ಲಿ ನಮಗಿರುವುದು ಅರ್ಧ ಕೂದಲು. ಇದೇ ಭೇದ.

ಪಾಲಿಷಿನಲ್ಲಿ ಅತಿ ಸಣ್ಣದಾದ ಸಾಣೆಯ ಕಣಗಳಿರುತ್ತವೆ. ಒರಟಾದ ಜಾತಿಗೆ ಅಂಗಡಿಗಳಲ್ಲಿ ರಬ್ಬಿಂಗ್ ಕಾಂಪೌಂಡ್ ಎಂದು ಹೆಸರು. ನಯವಾದುದಕ್ಕೆ ಪಾಲಿಷ್ ಎಂದು ಹೆಸರು. ಗೀರು ಹೋಗುವುದೆಂದರೆ ಗೀರು ತುಂಬಿಕೊಳ್ಳುವುದಲ್ಲ. ಅದರ ಸುತ್ತಲಿನ ಬಣ್ಣವು ಗೀರಿನ ತಳದ ಮಟ್ಟಕ್ಕೆ ಸವೆದು ಇಳಿಯುವುದು. ಒಂದು ಸಲದ ಪಾಲಿಷಿಗೆ ಒಂದರಿಂದ ಕೆಲವು ಮೈಕ್ರಾನುಗಳವರೆಗೆ ಸವೆಯಬಹುದು. ಒಂದೆರಡು ಸಲಕ್ಕೆ ಭಯವಿಲ್ಲ. ವರ್ಷಕ್ಕೆ ಮೂರು ನಾಲ್ಕು ಸಲ ಒರಟು ಕಾಂಪೌಂಡಿನಿಂದ ತೇಯಿಸಿದರೆ ಲೆಕ್ಕ ಎಲ್ಲಿಗೆ ಮುಟ್ಟುವುದೆಂಬುದನ್ನು ಯಾರಾದರೂ ಊಹಿಸಬಹುದು. ಕ್ಲಿಯರ್ ಕೋಟ್ ಬಡ್ಡಿಯಲ್ಲ, ಅಸಲು.

ಆದುದರಿಂದ ಪಾಲಿಷ್ ಮಾಡುವುದಕ್ಕೆ ಮೊದಲು ಮೂರು ಪರೀಕ್ಷೆಗಳನ್ನು ಮಾಡಬೇಕು. ಮೊದಲನೆಯದು, ತೊಳೆದು ಒಣಗಿಸಿದ ಮೈಯ ಮೇಲೆ ತೆಳುವಾದ ಪ್ಲಾಸ್ಟಿಕ್ ಚೀಲದೊಳಗೆ ಕೈಹಾಕಿ ಬೆರಳಾಡಿಸುವುದು. ತರಿತರಿಯಾಗಿ ತಾಕಿದರೆ ಕಬ್ಬಿಣದ ಕಣ, ಡಾಂಬರು ಮುಂತಾದುವು ಅಂಟಿವೆಯೆಂದು ಅರ್ಥ. ಇದಕ್ಕೆ ಪಾಲಿಷ್ ಬೇಡ; ಜೇಡಿಮಣ್ಣಿನ ಮುದ್ದೆಯಂತಿರುವ ಕ್ಲೇ ಎಂಬುದನ್ನು ಧಾರಾಳವಾಗಿ ಶಾಂಪೂ ನೀರು ಚಿಮುಕಿಸಿ ಮೆಲ್ಲಗೆ ಜಾರಿಸಿದರೆ ಅದು ಅವನ್ನು ಕಿತ್ತುಕೊಳ್ಳುತ್ತದೆ. ಈ ಮುದ್ದೆ ನೆಲಕ್ಕೆ ಬಿದ್ದರೆ ಎಸೆದುಬಿಡತಕ್ಕದ್ದು. ಎರಡನೆಯದು, ಕಣ್ಣಿಗೆ ಬೀಳದ ಒಂದು ಮೂಲೆಯಲ್ಲಿ ಬಿಳಿಯ ಬಟ್ಟೆಗೆ ತುಸು ಪಾಲಿಷ್ ಹಾಕಿ ಉಜ್ಜುವುದು. ಬಟ್ಟೆಗೆ ಕಾರಿನ ಬಣ್ಣ ಹತ್ತಿದರೆ ಅದು ಹಳೆಯ ಕ್ರಮದ ಒಂಟಿಪದರದ ಬಣ್ಣ. ಹತ್ತದಿದ್ದರೆ ಕ್ಲಿಯರ್ ಕೋಟ್ ಇದೆಯೆಂದು ತಿಳಿಯಬಹುದು. ಮೂರನೆಯದು, ಗೀರಿಗೆ ಅಡ್ಡಲಾಗಿ ಉಗುರನ್ನು ಆಡಿಸುವುದು. ಉಗುರು ಸಿಕ್ಕಿಕೊಂಡರೆ ಆ ಗೀರು ಪಾಲಿಷಿನಿಂದ ಹೋಗತಕ್ಕದ್ದಲ್ಲ. ಹೋಗಿಸಲು ಹೊರಟರೆ ಬಣ್ಣವೇ ಹೋಗುತ್ತದೆ. ಅಂತಹುದಕ್ಕೆ ಬಣ್ಣದ ತಿದ್ದುಪಡಿಯೇ ಗತಿ. ಹಲ್ಲುಜ್ಜುವ ಪೇಸ್ಟಿನಿಂದ ಗೀರು ತೆಗೆಯುವ ಉಪಾಯವನ್ನು ಹೇಳುವವರುಂಟು. ಅದರಲ್ಲಿಯೂ ಸಾಣೆಯ ಪುಡಿಯೇ ಇರುವುದು. ಹಲ್ಲಿಗೆ ತಕ್ಕದ್ದು ಬಣ್ಣಕ್ಕೂ ತಕ್ಕದ್ದೆಂದು ನಂಬುವುದಕ್ಕೆ ಆಧಾರವಿಲ್ಲ.

ಪಾಲಿಷ್ ಬೇಕೆಂದು ನಿಶ್ಚಯವಾದ ಮೇಲೆ, ಯಾವಾಗ್ಯೂ ಅತಿ ನಯವಾದುದರಿಂದಲೇ ಆರಂಭಿಸಬೇಕು. ಗ್ರಾನೈಟಿನವರು ಒರಟಿನಿಂದ ನಯಕ್ಕೆ ಹೋಗುತ್ತಾರೆ. ನಾವು ನಯದಿಂದ ಸಾಧ್ಯವೇ ಎಂದು ನೋಡಿ, ಆಗದಿದ್ದರೆ ಮಾತ್ರ ಒಂದು ಮೆಟ್ಟಿಲು ಒರಟಿಗೆ ಹೋಗಬೇಕು. ನೆರಳು, ತಣ್ಣಗಿರುವ ಮೈ, ಒಂದು ಸಲಕ್ಕೆ ಎರಡು ಅಡಿ ಚದರದಷ್ಟು ಸ್ಥಳ, ಹಗುರವಾದ ಕೈ, ಇವಿಷ್ಟು ನಿಯಮಗಳು. ಮೂಲೆ, ಅಂಚು, ಉಬ್ಬಿದ ಗೆರೆಗಳಲ್ಲಿ ಬಣ್ಣ ತೆಳ್ಳಗಿರುತ್ತದೆ. ಮೇಲಾಗಿ ಕೈಯ ಭಾರವೆಲ್ಲ ಅಲ್ಲಿಗೇ ಬೀಳುತ್ತದೆ. ಆದಕಾರಣ ಅಂತಹ ಕಡೆಗಳಿಗೆ ಕಾಗದದ ಟೇಪನ್ನು ಅಂಟಿಸಿ ಮರೆಮಾಡುವುದು ಕ್ಷೇಮ.

ಯಂತ್ರದಿಂದ ಮಾಡಿಸುವವರು ಇನ್ನೂ ಜಾಗರೂಕರಾಗಿರಬೇಕು. ಒಂದೇ ಅಕ್ಷದ ಮೇಲೆ ರಭಸದಿಂದ ತಿರುಗುವ ಯಂತ್ರವು ಒಂದೇ ಕಡೆ ನಿಂತರೆ ಶಾಖ ಹುಟ್ಟಿ ಬಣ್ಣ ಸುಡುತ್ತದೆ. ಬಂಪರು ಪ್ಲಾಸ್ಟಿಕ್ಕಾದ್ದರಿಂದ ಶಾಖವನ್ನು ಸಾಗಿಸದೆ ಇನ್ನೂ ಬೇಗ ಕೆಡುತ್ತದೆ. ತಿರುಗುವುದರ ಜೊತೆಗೆ ಅತ್ತಿತ್ತ ಓಲಾಡುವ ಇನ್ನೊಂದು ಬಗೆಯ ಯಂತ್ರವುಂಟು. ಅದು ನಿಧಾನ, ಆದರೆ ನಿರಪಾಯ. ಅಂಗಡಿಗೆ ಹೋದವರು ಕೇಳಬೇಕಾದ ಪ್ರಶ್ನೆಗಳು ಮೂರು. ಯಾವ ಬಗೆಯ ಯಂತ್ರ? ಮೊದಲು ತೊಳೆದು ಕ್ಲೇ ಮಾಡುವಿರೋ, ಧೂಳಿನ ಮೇಲೆಯೇ ಯಂತ್ರವನ್ನಿಡುವಿರೋ? ಬಣ್ಣದ ದಪ್ಪವನ್ನು ಅಳೆಯುವ ಮಾಪಕ ನಿಮ್ಮಲ್ಲಿದೆಯೋ? ಈ ಪ್ರಶ್ನೆಗಳಿಗೆ ನೆಟ್ಟಗೆ ಉತ್ತರ ಕೊಡುವ ಕೆಲಸಗಾರರೂ ಇದ್ದಾರೆ. ಅಂತಹವರಿಗೆ ಎರಡು ಕಾಸು ಹೆಚ್ಚಾಗಿ ಕೊಡುವುದು ನಷ್ಟವಲ್ಲ. ಎಣ್ಣೆಯಂಶವುಳ್ಳ ಲೇಪವನ್ನು ಗೀರಿನೊಳಗೆ ತುಂಬಿ ಮರೆಮಾಡಿ ಕಳುಹಿಸುವುದೂ ಉಂಟು. ನಾಲ್ಕು ಸಲ ತೊಳೆಯುವುದರೊಳಗೆ ಗೀರುಗಳೆಲ್ಲ ಮತ್ತೆ ಹೊರಬಂದರೆ ನಡೆದದ್ದು ಅದೇ ಎಂದು ತಿಳಿಯಬೇಕು.

ಇನ್ನು ಮೇಣ. ಕಾರಿಗೆ ಹಚ್ಚುವ ಮೇಣಗಳಲ್ಲಿ ಬಹಳ ಹೆಸರಾದುದು ಕಾರ್ನೌಬಾ. ಇದು ಬ್ರೆಜಿಲ್ ದೇಶದ ಈಶಾನ್ಯ ಭಾಗದಲ್ಲಿ ಬೆಳೆಯುವ ಒಂದು ಜಾತಿಯ ತಾಳೆಮರದ ಎಲೆಯಿಂದ ದೊರೆಯುತ್ತದೆ. ಅಲ್ಲಿನ ಒಣಹವೆಯಲ್ಲಿ ತೇವವನ್ನು ಉಳಿಸಿಕೊಳ್ಳಲು ಮರವು ಎಲೆಗೆ ತಾನೇ ಬಳಿದುಕೊಳ್ಳುವ ಕವಚ ಇದು. ನಮಗೆ ಪರಿಚಯವಿರುವ ಜೇನುಮೇಣವು ಸುಮಾರು 63 ಡಿಗ್ರಿ ಸೆಲ್ಷಿಯಸ್ ಶಾಖಕ್ಕೆ ಕರಗುತ್ತದೆ. ಕಾರ್ನೌಬಾ ಕರಗಲು 82ರಿಂದ 86 ಡಿಗ್ರಿ ಬೇಕು. ಏಪ್ರಿಲ್ ತಿಂಗಳ ಮಧ್ಯಾಹ್ನ ಕಪ್ಪು ಕಾರಿನ ಬಾನೆಟ್ಟಿನ ಮೇಲೆ ಕೈಯಿಟ್ಟವರಿಗೆ ಈ ವ್ಯತ್ಯಾಸದ ಬೆಲೆ ತಿಳಿಯುತ್ತದೆ. ಈಚೆಗೆ ರಸಾಯನಶಾಲೆಯಲ್ಲಿ ತಯಾರಾದ ಕೃತಕ ಮೇಣಗಳೂ ಬಂದಿವೆ. ಅವು ಹೆಚ್ಚು ದಿನ ಬಾಳುತ್ತವೆ. ಯಾವುದಾದರೂ ಆಗಬಹುದು. ಆದರೆ ಕೊಳ್ಳುವಾಗ ಡಬ್ಬಿಯ ಮೇಲಿನ ಬರೆಹವನ್ನು ಓದಿ, ಅದು ಬರಿಯ ಮೇಣವೋ ಸಾಣೆಯ ಪುಡಿ ಬೆರೆತದ್ದೋ ಎಂಬುದನ್ನು ನೋಡಿಕೊಳ್ಳಬೇಕು. ಒಂದೇ ಡಬ್ಬಿಯಲ್ಲಿ ಪಾಲಿಷೂ ಮೇಣವೂ ಎಂದು ಮಾರುವ ಸರಕನ್ನು ತಿಂಗಳಿಗೊಮ್ಮೆ ಹಚ್ಚುವವರು, ಕೂಡಿಸುತ್ತಿದ್ದೇವೆಂದು ತಿಳಿದು ಕಳೆಯುತ್ತಿರುತ್ತಾರೆ.

ಮೇಣ ಹಚ್ಚುವ ಕ್ರಮ ಸುಲಭ. ತೊಳೆದು ಒಣಗಿಸಿದ ತಣ್ಣನೆಯ ಮೈಗೆ ಮೆತ್ತನೆಯ ಸ್ಪಂಜಿನಿಂದ ಎಷ್ಟು ತೆಳ್ಳಗೆ ಸಾಧ್ಯವೋ ಅಷ್ಟು ತೆಳ್ಳಗೆ ಸವರಬೇಕು. ದಪ್ಪವಾಗಿ ಬಳಿದರೆ ಹೆಚ್ಚು ರಕ್ಷಣೆ ಎಂಬುದು ತಪ್ಪು; ಹೆಚ್ಚಾದುದೆಲ್ಲ ಬಟ್ಟೆಗೆ ಹೋಗುತ್ತದೆ, ಅಷ್ಟೆ. ಮಂಜು ಕವಿದಂತೆ ಮಸುಕಾದ ಮೇಲೆ ಒಗೆದ ಮೈಕ್ರೋಫೈಬರ್ ಬಟ್ಟೆಯಿಂದ ಹಗುರವಾಗಿ ಒರಸಿದರೆ ಹೊಳಪು ಏಳುತ್ತದೆ. ಬಣ್ಣವಿಲ್ಲದ ಕಪ್ಪು ಪ್ಲಾಸ್ಟಿಕ್ ಭಾಗಗಳಿಗೆ ಮೇಣ ತಗಲಬಾರದು, ಬಿಳಿಯ ಕಲೆ ನಿಲ್ಲುತ್ತದೆ. ಮುಂದಿನ ಗಾಜಿಗೂ ತಗಲಬಾರದು, ಮಳೆಯಲ್ಲಿ ದಾರಿ ಕಾಣುವುದಿಲ್ಲ. ಹೊಸದಾಗಿ ಬಣ್ಣ ಹಾಕಿಸಿದ ಭಾಗಕ್ಕೆ ಒಂದರಿಂದ ಮೂರು ತಿಂಗಳು ಬಿಡುವು ಕೊಡಬೇಕು. ಒಳಗಿನ ದ್ರಾವಕ ಹೊರಹೋಗಲು ಕಾಲಾವಕಾಶ ಬೇಕು. ಮೇಣ ಇನ್ನೂ ಇದೆಯೋ ಸವೆದುಹೋಗಿದೆಯೋ ಎಂದು ತಿಳಿಯಲು ನೀರು ಚಿಮುಕಿಸಿ ನೋಡಬೇಕು. ಕೆಸುವಿನ ಎಲೆಯ ಮೇಲಿನಂತೆ ನೀರು ಮುತ್ತಾಗಿ ನಿಂತರೆ ಇದೆ. ಹಾಳೆಯಾಗಿ ಹರಡಿದರೆ ಮುಗಿದಿದೆ. ಎರಡು ಮೂರು ತಿಂಗಳಿಗೊಮ್ಮೆ ಹಚ್ಚಿದರೆ ಸಾಮಾನ್ಯವಾಗಿ ಸಾಕು. ಸವೆಯುವುದೇ ಮೇಣದ ಧರ್ಮ. ಬಣ್ಣದ ಬದಲು ತಾನು ಸವೆದು, ಹಿಕ್ಕೆ ಸುಣ್ಣ ಅಂಟುಗಳನ್ನು ತನ್ನ ಮೇಲೆ ಹೊತ್ತು, ಅವು ಸುಲಭವಾಗಿ ಜಾರಿಹೋಗುವಂತೆ ಮಾಡುವುದೇ ಅದರ ಉಪಕಾರ.

ಮೇಣ ಹಚ್ಚುವುದಕ್ಕೆ ನಮ್ಮಲ್ಲಿ ತಾನಾಗಿಯೇ ಒದಗಿಬರುವ ಒಂದು ಸಮಯವುಂಟು. ಅದೇ ಆಯುಧಪೂಜೆ. ಅಂದು ವಾಹನಕ್ಕೆ ಅರಿಶಿನ, ಕುಂಕುಮ, ವಿಭೂತಿ, ಗಂಧಗಳನ್ನು ಹಚ್ಚಿ, ಹೂವಿನ ಹಾರ ಕಟ್ಟಿ, ಬೂದುಗುಂಬಳಕಾಯಿ ಒಡೆಯುತ್ತೇವೆ. ಅರಿಶಿನವು ಬಣ್ಣ ಕಟ್ಟುವ ದ್ರವ್ಯ. ಅದಕ್ಕೆ ಸುಣ್ಣ ಸೇರಿದಾಗ ಕೆಂಪಾಗುವುದೇ ಕುಂಕುಮ. ಅಂಗಡಿಯ ಕುಂಕುಮದಲ್ಲಿ ಕೃತಕ ಬಣ್ಣ ಬೆರೆತಿದ್ದರಂತೂ ಬಿಳಿಯ ಕಾರಿನ ಮೇಲೆ ಕಲೆ ನಿಲ್ಲುವುದು ಖಂಡಿತ. ಹಬ್ಬದ ಮರುದಿನ ಈ ಕಲೆಯನ್ನು ಉಜ್ಜಿ ತೆಗೆಯುವಾಗ ಆಗುವ ಹಾನಿ ಇಡೀ ವರ್ಷದ್ದನ್ನು ಮೀರಿಸಬಹುದು. ಪೂಜೆಯನ್ನು ಬಿಡಬೇಕೆಂದು ನಾವು ಹೇಳುವುದಿಲ್ಲ. ಹಬ್ಬಕ್ಕೆ ಎರಡು ದಿನ ಮುಂಚೆ ಕಾರನ್ನು ತೊಳೆದು ಮೇಣ ಹಚ್ಚಿರಬೇಕು. ಅರಿಶಿನ ಕುಂಕುಮಗಳನ್ನು ಆದಷ್ಟೂ ಗಾಜಿನ ಅಂಚಿಗೂ ನಂಬರು ಹಲಗೆಗೂ ಇಡಬೇಕು. ಹಾರವನ್ನು ಅಂಟುಪಟ್ಟಿಯ ಬದಲು ದಾರದಿಂದ ಕಟ್ಟಬೇಕು. ಮರುದಿನ ಒಣಪುಡಿಯನ್ನು ಒರಸದೆ ನೀರು ಹಾಯಿಸಿ ತೊಳೆಯಬೇಕು. ಇಷ್ಟು ಮಾಡಿದರೆ ಪೂಜೆಯ ಸಂಭ್ರಮಕ್ಕೂ ಬಣ್ಣದ ರಕ್ಷಣೆಗೂ ವಿರೋಧವಿಲ್ಲ.

ಸೆರಾಮಿಕ್ ಲೇಪವೆಂಬ ಹೊಸ ಸರಕಿನ ವಿಚಾರವಾಗಿ ಹಲವರು ಕೇಳುತ್ತಾರೆ. ಇದು ಸಿಲಿಕಾ ಆಧಾರದ, ಬಣ್ಣಕ್ಕೆ ಗಟ್ಟಿಯಾಗಿ ಕಚ್ಚಿಕೊಳ್ಳುವ ತೀರ ತೆಳುವಾದ ಪೊರೆ. ಮೇಣಕ್ಕಿಂತ ಬಹುಕಾಲ ಬಾಳುತ್ತದೆ, ನೀರನ್ನೂ ಕೊಳೆಯನ್ನೂ ಚೆನ್ನಾಗಿ ಜಾರಿಸುತ್ತದೆ ಎಂಬುದು ನಿಜ. ಆದರೆ ಗೀರೇ ಬೀಳದೆಂಬ ಮಾತನ್ನು ನಂಬಬಾರದು. ಅದನ್ನು ಹಾಕುವ ಮುಂಚೆ ಸಾಮಾನ್ಯವಾಗಿ ಇಡೀ ಕಾರನ್ನು ಪಾಲಿಷ್ ಮಾಡುತ್ತಾರೆಂಬುದನ್ನೂ ಮರೆಯಬಾರದು. ಧೂಳಿನ ಮೇಲೆ ಒಣಬಟ್ಟೆ ಎಳೆಯುವ ಅಭ್ಯಾಸವನ್ನು ಬಿಡದವರಿಗೆ ಅತಿ ಬೆಲೆಯ ಲೇಪವೂ ರಕ್ಷೆಯಾಗದು.

ಒಟ್ಟಿನಲ್ಲಿ, ತೊಳೆಯುವುದು ವಾರಕ್ಕೊಮ್ಮೆ ಅಥವಾ ನೀರಿದ್ದಾಗ, ಮೇಣ ಋತುವಿಗೊಮ್ಮೆ, ಪಾಲಿಷ್ ಹಲವು ವರ್ಷಗಳಿಗೊಮ್ಮೆ, ಅದೂ ಅವಶ್ಯವಾದರೆ, ಒಣಬಟ್ಟೆ ಎಂದೆಂದಿಗೂ ಬೇಡ. ಹಲವು ಕುಟುಂಬಗಳಿಗೆ ಕಾರು ವರ್ಷಗಟ್ಟಲೆ ಕಂತು ಕಟ್ಟಿ ಕೊಂಡ ಸೊತ್ತು. ಬಾಡಿಗೆಗೆ ಓಡಿಸುವವರಿಗಂತೂ ಅದೇ ಅನ್ನದ ಬಟ್ಟಲು. ಮಾರುವ ದಿನ ಕೊಳ್ಳುವವನು ಮೊದಲು ನೋಡುವುದು ಅದರ ಮೈಯನ್ನೇ. ಈ ಸೊತ್ತನ್ನು ಉಳಿಸಿಕೊಳ್ಳಲು ಬೇಕಾದುದು ಎರಡು ಬಕೆಟ್ಟು, ನಾಲ್ಕು ಒಳ್ಳೆಯ ಬಟ್ಟೆ, ಒಂದು ಡಬ್ಬಿ ಮೇಣ. ಇವನ್ನು ಒಡೆಯರು ಕೊಂಡು, ಕಾರು ಒರಸುವವನ ಕೈಗೆ ಕೊಟ್ಟು, ಅವಸರಪಡಬೇಡವೆಂದು ಹೇಳಿದರೆ ಅರ್ಧ ಕೆಲಸ ಆದಂತೆಯೇ. ಮಿಕ್ಕ ಅರ್ಧ, ಬೆಳಗ್ಗೆ ಧೂಳನ್ನು ಕಂಡಾಗ ಕೈಯನ್ನು ತಡೆದುಕೊಳ್ಳುವುದು.